ಅಳಿಸಿದ ನಲವತ್ತೊಂದು ಸಮಾಧಿಗಳು

ನೀಲವ್ವನಿಗೆ ಕಸ ಕಂಡರೆ ಆಗುತ್ತಿರಲಿಲ್ಲ. ಮನೆಯ ಕಸವಲ್ಲ ಬಿಡಿ. ಅಮೆರಿಕದ ಸ್ಯಾನ್ ಹೊಸೆ ಊರಿನ ಎವರ್‌ಗ್ರೀನ್ ಬಡಾವಣೆಯ ಅವಳ ಅಪಾರ್ಟ್‌ಮೆಂಟಿನಲ್ಲಿ ತೊಳೆಯದ ಪಾತ್ರೆಗಳು ವಾರಗಟ್ಟಲೆ ಸಿಂಕಿನಲ್ಲೇ ಸಂಸಾರ ಹೂಡಿರುತ್ತಿದ್ದವು. ಅವಳಿಗೆ ಆಗದಿದ್ದದ್ದು ಪಟ್ಟಿಯೊಳಗಿನ ಕಸ. ಒಂದೇ ವಿಳಾಸ ಎರಡು ಸಲ ಬಂದಿರಲಿ, ಒಬ್ಬನೇ ಗಿರಾಕಿ ಮೂರು ಸಾಲಿನಲ್ಲಿ ಕೂತಿರಲಿ, ಕಣ್ಣಿಗೆ ಬಿದ್ದರೆ ಮುಗಿಯಿತು, ಹಲ್ಲಿನ ಸಂದಿಗೆ ಜೋಳದ ಸಿಪ್ಪೆ ಸಿಕ್ಕಿಕೊಂಡವರಂತೆ ಒದ್ದಾಡುತ್ತಿದ್ದಳು. ಅದನ್ನು ಕಿತ್ತು ಬಿಸಾಕಿದ ಮೇಲೇ ಅವಳಿಗೆ ಊಟ ರುಚಿಸುತ್ತಿದ್ದದ್ದು. ಆಫೀಸಿನವರ ಬಾಯಲ್ಲಿ ಅವಳು ನೀಲಾ ಆಗಿದ್ದಳು. ಪಟ್ಟಿ ಗುಡಿಸುವುದರಲ್ಲಿ ನೀಲಾನ ಬಿಟ್ಟರಿಲ್ಲ ಎಂಬ ಮಾತೂ ಅಲ್ಲಿತ್ತು.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ, ಸ್ಯಾನ್ ಹೊಸೆಯಲ್ಲಿ ನಾಯಿಯ ಬಿಸ್ಕತ್ತಿಗೂ ಒಂದು ಡಾಟ್‌ಕಾಮ್ ಇತ್ತು, ಬೆಕ್ಕಿನ ಜಾತಕಕ್ಕೂ ಒಂದು ಇತ್ತು. ಹಾಗಿದ್ದ ಮೇಲೆ ಗೋರಿಗಳೇನು ಪಾಪ ಮಾಡಿದ್ದವು? ಧಾರವಾಡದ ಕಿರಣಕುಮಾರ ಅವಕ್ಕೂ ಒಂದು ಶುರು ಮಾಡಿದ. ಲೋಕದ ಹಳೆಯ ಸಮಾಧಿಗಳು, ಪಾಳುಬಿದ್ದ ಊರುಗಳು, ಮಣ್ಣಲ್ಲಿ ಹೂತ ಗೋಡೆಗಳು, ಎಲ್ಲವನ್ನೂ ನಕ್ಷೆಯ ಮೇಲೆ ಗುರುತಿಸಿ ಇಂಟರ್ನೆಟ್ಟಿಗೆ ಏರಿಸುವ ಕಂಪನಿ ಅದು. ಲೈಟ್‌ರೈಲಿನ ಸ್ಟೇಷನ್ನಿನ ಎದುರು, ಟೈರು ಅಂಗಡಿಯ ಮಾಳಿಗೆಯ ಮೇಲೆ ಹದಿನಾಲ್ಕು ಜನರ ಆಫೀಸು.

ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ದಕ್ಷಿಣ ಆಫ್ರಿಕಾದ ಗ್ರಿಕ್ವಾ ಜನರದು. ಗ್ರಿಕ್ವಾ ಅಂದರೆ ಯಾರು ಎಂದು ನೀಲವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಮಗೆ ನಿಮಗೆ ಮಾತ್ರ ಎಲ್ಲಿ ಗೊತ್ತಿತ್ತು? ದನ ಮೇಯಿಸುತ್ತಿದ್ದ ಅಲ್ಲಿಯ ಮೂಲ ಜನ, ಬಿಳಿಯರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು, ಇವರೆಲ್ಲರ ರಕ್ತ ಕೂಡಿ ಬೆಳೆದ ಜನಾಂಗವದು. ಎತ್ತಿನ ಬಂಡಿ ಹೂಡಿಕೊಂಡು ನೆಲ ಹುಡುಕುತ್ತ ಹೋದರು, ಸಿಕ್ಕ ನೆಲವನ್ನು ಮತ್ತೊಬ್ಬರಿಗೆ ಕಳೆದುಕೊಂಡರು. ಈ ಮಣ್ಣು ನಮ್ಮದಾಗಿತ್ತು ಎಂದು ತೋರಿಸಲು ಅವರ ಕೈಯಲ್ಲಿ ಕಾಗದವಿರಲಿಲ್ಲ. ಅವರ ಪಹಣಿ ಪತ್ರ ಅಂದರೆ ಅವರ ಸಮಾಧಿಗಳೇ.

ಕ್ಲಾಸ್ ಬಾಲಿ ಎಂಬ ಗ್ರಿಕ್ವಾ ಶಾಲಾ ಮಾಸ್ತರರು ಅಂಥದೊಂದು ಬಯಲನ್ನು ಹನ್ನೊಂದು ವರ್ಷ ನಡೆದಿದ್ದರು. ಹೆಜ್ಜೆಯಲ್ಲಿ ಅಳೆದು, ಇನ್ನೂರ ಹದಿನಾಲ್ಕು ಸಮಾಧಿ ಗುರುತಿಸಿ, ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ದನದ ದೊಡ್ಡಿಯ ಹಳೆಯ ಗೋಡೆ, ಒಲೆ ಹೂಡಿದ ಗುರುತು, ಎಲ್ಲವೂ ಅದರಲ್ಲಿತ್ತು. ಅವರು ತೀರಿಕೊಂಡ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮಗಳು ಕಟ್ರೀನಾ ಆ ನೋಟ್‌ಬುಕ್ಕನ್ನು ಡ್ಯೂಟಿಯ ನಡುವೆ ಬಿಡುವಾದಾಗೆಲ್ಲ ಟೈಪ್ ಮಾಡಿ, ಕಿರಣಕುಮಾರನಿಗೆ ಕಳಿಸಿದ್ದಳು. ಅವಸರವಿತ್ತು. ಆ ಬಯಲಿಗೆ ಸುಣ್ಣಕಲ್ಲಿನ ಗಣಿಯೊಂದು ಬರುತ್ತಿತ್ತು. ಪಟ್ಟಿಯಲ್ಲಿರುವ ಸಮಾಧಿಗೆ ಗಣಿಯವರು ಬೇಲಿ ಹಾಕಿ ಬಿಡಬೇಕು. ಪಟ್ಟಿಯಲ್ಲಿಲ್ಲದ ಕಲ್ಲುಗುಪ್ಪೆ ಬರೀ ಕಲ್ಲುಗುಪ್ಪೆ. ಕಾನೂನು ಇಷ್ಟೇ.

ಆ ಇನ್ನೂರ ಹದಿನಾಲ್ಕು ಸಾಲು ನೀಲವ್ವನ ಕೈಗೆ ಬಂತು. ನೋಡಿದರೆ ತುಂಬ ಕಸ! ಒಂದೇ ಹೆಸರು ಎರಡೆರಡು ಸಲ, ಮೂರು ಮೂರು ಸಲ. "ಪಾಪ, ನರ್ಸಮ್ಮ ನಿದ್ದೆಗಣ್ಣಲ್ಲಿ ಟೈಪ್ ಮಾಡ್ಯಾಳ," ಎಂದು ಊಟದ ಟೇಬಲ್ಲಿನಲ್ಲಿ ಹೇಳಿ ನಕ್ಕಿದ್ದೂ ಆಯಿತು. ಆಮೇಲೆ ಅವಳು ಒಂದು ನಿಯಮ ಬರೆದಳು. ಹೆಸರು ಒಂದೇ, ಮನೆತನ ಒಂದೇ, ನಡುವಿನ ದೂರ ಐವತ್ತು ಅಡಿಯೊಳಗೆ ಇದ್ದರೆ, ಅದು ಒಂದೇ ಸಮಾಧಿಯನ್ನು ಮತ್ತೆ ಬರೆದದ್ದು. ಯಾವ ಸಾಲಿನಲ್ಲಿ ಹೆಚ್ಚು ವಿವರ ತುಂಬಿದೆಯೋ ಅದನ್ನು ಇಟ್ಟುಕೊ, ಉಳಿದದ್ದನ್ನು ಅಳಿಸು. ಕೊನೆಯಲ್ಲಿ ಷರಾ ಎಂಬ ಕಾಲಮ್ಮೊಂದಿತ್ತು. ಅದು ಮಾಸ್ತರರ ಭಾಷೆಯಲ್ಲಿ, ಡಚ್ಚಿನಂಥದ್ದರಲ್ಲಿ ಇತ್ತು. ಅದು ಅವಳಿಗೂ ಬಾರದು, ಕಂಪ್ಯೂಟರಿಗೂ ಬಾರದು, ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗುಂಡಿ ಒತ್ತಿದಳು. ನಲವತ್ತೊಂದು ಸಾಲು ಹೋಯಿತು, ನೂರ ಎಪ್ಪತ್ಮೂರು ಉಳಿಯಿತು.

"ಕ್ಲೀನ್ ಡೇಟಾ ಅಂದ್ರ ಇದು ನೋಡ್ರಿ!" ಎಂದು ಕಿರಣಕುಮಾರ ಮೀಟಿಂಗಿನಲ್ಲಿ ಎಲ್ಲರೆದುರು ಕೇಕು ಕತ್ತರಿಸಿದ. "ನಾವು ಮಾರೋ ಮಾಲು ಇದs!" ಅದೇ ದಿನ ಆ ಪಟ್ಟಿ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಫ್ಯಾಕ್ಸ್ ಆಗಿ ದಕ್ಷಿಣ ಆಫ್ರಿಕಾದ ಆ ಗಣಿಯವರಿಗೆ ಹೋಯಿತು.

ಎರಡು ವಾರದ ಮೇಲೆ, ಅಕ್ಟೋಬರಿನ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಕಟ್ರೀನಾ ಬಾಲಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಗೋಧಿ ಬಣ್ಣ, ಗುಂಗುರು ಕೂದಲು. ನಮ್ಮ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಯಾರೂ ಪರದೇಶಿ ಎನ್ನುತ್ತಿರಲಿಲ್ಲ. ರಾತ್ರಿಪಾಳಿ ಮುಗಿಸಿ, ಮನೆಗೂ ಹೋಗದೆ ಸೀದಾ ರೈಲು ಹತ್ತಿದ್ದಳಂತೆ. ಅಪ್ಪನ ಕೆಲಸ ಪರದೆಯ ಮೇಲೆ ನೋಡುವ ಆಸೆ. ನೀಲವ್ವ ಕುರ್ಚಿ ಎಳೆದುಕೊಟ್ಟು, ಕಾಫಿ ತಂದಿಟ್ಟು, "ನಿಮ್ಮ ಹೆಸರೇ ಹಾಕಿ ಹುಡುಕಿ ನೋಡಿ" ಎಂದಳು, ಬೀಗುತ್ತ.

ಕಟ್ರೀನಾ ಬಾಲಿ ಎಂದು ಟೈಪಿಸಿದರೆ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು. ಒಂದೇ ಒಂದು.

"ಇದು ನನ್ನ ಅಜ್ಜಿ," ಎಂದಳು ಕಟ್ರೀನಾ. "ಉಳಿದವರೆಲ್ಲಿ?"

"ಉಳಿದವರು ಅಂದರೆ?"

"ನನ್ನ ಅತ್ತೆ, ಆರು ವರ್ಷಕ್ಕೆ ಹೋದವಳು. ಆಮೇಲೆ ನನ್ನ ಅಕ್ಕ, ಎಂಟು ತಿಂಗಳ ಕೂಸು. ಎಲ್ಲರೂ ಕಟ್ರೀನಾ ಬಾಲಿ. ಮೂವರೂ ಪಕ್ಕಪಕ್ಕದಲ್ಲೇ ಮಲಗಿದ್ದಾರೆ."

"ಮೂವರಿಗೂ ಒಂದೇ ಹೆಸರಾ?"

"ಅಜ್ಜಿಯ ಹೆಸರು ಮಗಳಿಗೂ, ಮೊಮ್ಮಗಳಿಗೂ. ಆ ಮಗು ಉಳಿಯದಿದ್ದರೆ ಮುಂದೆ ಹುಟ್ಟುವ ಮಗುವಿಗೆ ಮತ್ತೆ ಅದೇ. ಹೆಸರು ಮನೆಯಿಂದ ಹೋಗಬಾರದು ಅಂತ." ಕಟ್ರೀನಾ ನಕ್ಕಳು. "ನಾನು ನಾಲ್ಕನೆಯವಳು. ಅದು ಬಿಡಿ, ಬೇರೆ ಪುಟದಲ್ಲಿದ್ದಾರಾ ಅವರು?"

ಬೇರೆ ಪುಟವಿರಲಿಲ್ಲ. ನೀಲವ್ವ ತನ್ನ ಕಂಪ್ಯೂಟರಿಗೆ ಹೋಗಿ, ಅಳಿಸಿದ ಸಾಲುಗಳ ಹಳೆಯ ಪ್ರತಿಯನ್ನು ತೆರೆದಳು. ಅವಳು ಯಾವತ್ತೂ ಹಳೆಯ ಪ್ರತಿ ಇಟ್ಟುಕೊಂಡೇ ಗುಡಿಸುತ್ತಿದ್ದಳು, ಅಷ್ಟರಮಟ್ಟಿಗೆ ಜಾಣೆ. ಕಟ್ರೀನಾ ಹಿಂದೆಯೇ ಬಂದು ಭುಜದ ಮೇಲಿಂದ ಬಗ್ಗಿ, ಯಾರೂ ಓದದ ಆ ಷರಾ ಕಾಲಮ್ಮನ್ನು ಓದತೊಡಗಿದಳು.

"ನನ್ನ ಮೊದಲ ಮಗಳು ಕಟ್ರೀನಾ. ಎಂಟು ತಿಂಗಳು. ತಲೆಯ ಕಡೆ ಬಿಳಿ ಕಲ್ಲು." ಅವಳ ಬೆರಳು ಕೆಳಗಿಳಿಯಿತು. "ಸಣ್ಣ ಹೆಂಡ್ರಿಕ್. ಹುಟ್ಟಿದ ದಿನವೇ. ಎರಡನೆಯ ಹೆಂಡ್ರಿಕ್. ಮೂರು ವರ್ಷ, ದಡಾರ. ಸಣ್ಣ ಸಾರಾ..." ಅವಳ ಧ್ವನಿ ನಿಂತಿತು. "ಇವು ಯಾಕೆ ಬೇರೆ ಇವೆ? ಏನು ಪಟ್ಟಿ ಇದು?"

ನೀಲವ್ವ ಸಾಲುಗಳ ಮೇಲೆ ಕಣ್ಣಾಡಿಸಿದಳು. ದೊಡ್ಡವರ ಸಮಾಧಿಗೆ ತಲೆಗಲ್ಲು, ಹುಟ್ಟಿದ ವರ್ಷ, ಸತ್ತ ವರ್ಷ, ಗಂಡನ ಹೆಸರು, ಎಲ್ಲ ಕಾಲಮ್ಮೂ ತುಂಬಿದ್ದವು. ಕೂಸುಗಳಿಗೆ ಏನಿತ್ತು? ಒಂದು ಹೆಸರು, ಒಂದು ಕಲ್ಲುಗುಪ್ಪೆ. ಹೆಚ್ಚು ವಿವರ ಇರುವುದನ್ನು ಇಟ್ಟುಕೊ ಎಂದು ಅವಳೇ ಬರೆದಿದ್ದಳು. ಅಯ್ಯೋ ನನ್ನ ಶಿವನೇ! ಹುಡುಕಿ ಹುಡುಕಿ ಮಕ್ಕಳನ್ನೇ ಅಳಿಸಿದ್ದಳಲ್ಲ. ನಲವತ್ತೊಂದರಲ್ಲಿ ಮೂವತ್ತೆಂಟು ಮಕ್ಕಳು.

"ನಾನು ಅಳಿಸಿದೆ," ಎಂದಳು ಕೊನೆಗೆ. "ಒಂದೇ ಸಮಾಧಿ ಎರಡೆರಡು ಸಲ ಬರೆದಿದೆ ಅಂದುಕೊಂಡೆ. ಈ ಪಟ್ಟಿ ಅಲ್ಲಿಗೆ ಹೋಗಿ ಎರಡು ವಾರ ಆಯಿತು."

ಕಟ್ರೀನಾಳ ಕೈಯಲ್ಲಿದ್ದ ಕಾಫಿ ಕಾರ್ಪೆಟ್ಟಿನ ಮೇಲೆ ಚೆಲ್ಲಿತು. ಅವಳಿಗೆ ಅದರ ಅರಿವೇ ಇರಲಿಲ್ಲ. "ಫೋನು," ಎಂದಳು ಅಷ್ಟೇ.

ಮೀಟಿಂಗ್ ರೂಮಿನ ಸ್ಪೀಕರ್ ಫೋನಿನಿಂದ ಕಟ್ರೀನಾಳ ಊರಿನ ಪಾದ್ರಿಯ ಮೊಬೈಲಿಗೆ ಮಾಡಿದರು. ಅಲ್ಲಿ ಆಗ ಸಂಜೆ ಆರೂಕಾಲು. ಪಾದ್ರಿ ಒಂದೇ ರಿಂಗಿಗೆ ಎತ್ತಿಕೊಂಡರು. ಗಾಳಿಯ ಸದ್ದು, ಅದರ ಹಿಂದೆ ಯಾವುದೋ ದೊಡ್ಡ ಎಂಜಿನ್ನಿನ ಗುಡುಗುಡು.

"ಕಟ್ರೀನಾ! ಮಧ್ಯಾಹ್ನದಿಂದ ನಿನ್ನ ಮನೆಗೆ ಮಾಡ್ತಾನೇ ಇದ್ದೀನಿ. ಗಣಿಯವರು ಕೆಲಸ ಶುರು ಮಾಡಿದ್ದಾರೆ. ಬೇಲಿಯ ಹೊರಗೆ ಇವತ್ತು ಏಳು ಗುಪ್ಪೆ ನೆಲಸಮ ಆಯಿತು. ಕಲ್ಲನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ರಸ್ತೆಗೆ ಹಾಕಿದ್ದಾರೆ. ಎಂಟನೆಯದರ ಮೇಲೆ ನಿನ್ನ ಅಮ್ಮ ಕೂತಿದ್ದಾಳೆ. ಏಳು ಅಂದರೆ ಏಳ್ತಾ ಇಲ್ಲ."

"ಎಂಟನೆಯದು ಯಾವುದು?" ಕೇಳುವಾಗಲೇ ಕಟ್ರೀನಾಳಿಗೆ ಗೊತ್ತಿತ್ತು.

"ಬಿಳಿ ಕಲ್ಲಿನದು, ಮಗಳೇ. ಅವರು ಕಾಗದ ತೋರಿಸ್ತಾರೆ. ಅಮೆರಿಕದಿಂದ ಬಂದ ಕಾಗದ, ಇದರಲ್ಲಿ ನಿನ್ನ ಮಗು ಇಲ್ಲ ಮುದುಕಿ, ಅಂತಾರೆ. ಏಳು ಗಂಟೆಗೆ ಪಾಳಿ ಬದಲಾಗುತ್ತೆ. ಹೊಸ ಪಾಳಿಯವರ ಜೊತೆ ಪೊಲೀಸರು ಬಂದು ಅವಳನ್ನು ಎತ್ತಿ ಪಕ್ಕಕ್ಕಿಡ್ತಾರಂತೆ."

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಉಳಿದದ್ದು ನಲವತ್ತು ನಿಮಿಷ. ನೀಲವ್ವ ಎದ್ದು, ಕಿರಣಕುಮಾರನ ಕೋಣೆಗೆ ನಡೆದಳು.

ಕಿರಣಕುಮಾರ ಕೆಟ್ಟವನಲ್ಲ. ಕೇಳಿದವನೇ ತಲೆ ಹಿಡಿದುಕೊಂಡು ಕೂತುಬಿಟ್ಟ. "ಹೆಣ್ಣಮಗಳ, ಏನ್ ಮಾಡಿದಿ ಯವ್ವಾ ಇದು!" ಎಂದ. ಆದರೆ ಎರಡೇ ನಿಮಿಷ. ಆಮೇಲೆ ಅವನೊಳಗಿನ ಸಿಇಓ ಎದ್ದು ಕೂತ.

"ಹಿಂಗ ಮಾಡೂಣು. ವರ್ಷನ್ ಟೂ ಅಂತ ಹೇಳಿ ಹೊಸಾ ಲಿಸ್ಟ್ ಕಳಸು. ಹೆಚ್ಚಿಂದು ನಲವತ್ತೊಂದು ಸಿಕ್ಕಾವು ಅಂತ ಬರಿ. ತಪ್ಪು ಗಿಪ್ಪು ಅಂತ ಒಂದಕ್ಷರ ಬ್ಯಾಡ. ಮಂಡೇ ಇನ್ವೆಸ್ಟರ್ಸ್ ಬರ್ತಾರ."

ಅದನ್ನೇ ನೀಲವ್ವ ಫೋನಿನಲ್ಲಿ ಪಾದ್ರಿಗೆ ಹೇಳಿದಳು. ಪಾದ್ರಿ ಗಣಿಯ ಮೇಲ್ವಿಚಾರಕನನ್ನು ಕೇಳಿ ಮರಳಿ ಬಂದರು. "ಒಪ್ಪಲ್ಲ ಅಂತಾನೆ. ನಿಮ್ಮ ಜನ ರಾತ್ರೋರಾತ್ರಿ ಕಲ್ಲು ಪೇರಿಸಿ ಹೊಸ ಸಮಾಧಿ ಮಾಡ್ತಾರೆ, ಅದನ್ನ ಪಟ್ಟಿಗೆ ಸೇರಿಸ್ತಾರೆ, ಇದೆಲ್ಲ ನಮಗೆ ಗೊತ್ತು ಅಂತಾನೆ. ಇವು ಮೊದಲಿಂದ ಇದ್ದವು, ಪಟ್ಟಿ ಮಾಡಿದವರೇ ಅಳಿಸಿದರು ಅಂತ ಬರಹದಲ್ಲಿ ಬಂದರೆ ಮಾತ್ರ ಯಂತ್ರ ನಿಲ್ಲಿಸ್ತಾನಂತೆ. ಸಹಿ ಇರಬೇಕು. ಫ್ಯಾಕ್ಸ್ ಇಲ್ಲೇ ಇದೆ, ಗಣಿಯವರ ಶೆಡ್ಡಿನಲ್ಲಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಿರಣಕುಮಾರ ತಲೆಯಾಡಿಸಿದ. "ಆಗೂದಿಲ್ಲ, ನೀಲಾ. ಬರಹದಾಗ? ನಮ್ಮ ಲೆಟರ್‌ಹೆಡ್ ಮ್ಯಾಲ? ನಾವು ಮಾರೂದs ಕ್ಲೀನ್ ಡೇಟಾ. ಅದs ತಪ್ಪು ಅಂತ ನಾವs ಬರಕೊಟ್ರ ಮುಗೀತು. ಹದಿನಾಕು ಮಂದಿ ಹೊಟ್ಟಿ ಮ್ಯಾಲ ಹೊಡೀತೀ. ಮಂಡೇ ಆದಮ್ಯಾಲ ಮಾಡೂಣಲ್ಲ?"

"ಮಂಡೇ ಆದಮ್ಯಾಲ ಏನ್ ಉಳೀತದ ಅಲ್ಲಿ? ಆ ಮುದುಕಿ ತನ್ನ ಕೂಸಿನ ಮ್ಯಾಲ ಕುಂತಾಳ!" ನೀಲವ್ವನ ಧ್ವನಿ ಆಫೀಸಿಗೆಲ್ಲ ಕೇಳಿಸಿತು. "ನಿಮ್ಮ ಮುತ್ಯಾನ ಗದ್ದಿಗಿ ಮ್ಯಾಲ ಬುಲ್ಡೋಜರ್ ಬಂದಿದ್ರ ಮಂಡೇ ಮಟಾ ಕಾಯ್ತಿದ್ರೇನು ನೀವು?"

"ಅದಕ್ಕೂ ಇದಕ್ಕೂ ಏನ್ ಸಂಬಂಧ!"

"ಏನ್ ಸಂಬಂಧ ಅಂತೀರಾ?"

ಅವನ ಮುಖ ಕೆಂಪಾಯಿತು. "ಸೈನ್ ಮಾಡಿದ್ರ ಮಂಡೇ ಬರೂದು ಬ್ಯಾಡ. ವೀಸಾ ನನ್ನ ಕಂಪನಿ ಮ್ಯಾಲ ಅದ, ನೆನಪಿರಲಿ." ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ನಾಚಿಕೆಯಾದಂತೆ ಕಂಡಿತು. ಆದರೆ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ನೀಲವ್ವ ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ. ವೀಸಾ ಹೋದರೆ ಏನೇನು ಹೋಗುತ್ತದೆ ಎಂಬುದು ಆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಸ್ಪೀಕರಿನಲ್ಲಿ ಆ ಎಂಜಿನ್ನು ಒಂದೇ ಸಮನೆ ಗುಡುಗುಡು ಎನ್ನುತ್ತಲೇ ಇತ್ತು. ಅವಳು ಪ್ರಿಂಟರಿನಿಂದ ಲೆಟರ್‌ಹೆಡ್ಡಿನ ಹಾಳೆ ಎಳೆದುಕೊಂಡು, ಕೈಯಲ್ಲೇ ಬರೆದಳು. ಈ ನಲವತ್ತೊಂದು ಸಮಾಧಿಗಳು ಕ್ಲಾಸ್ ಬಾಲಿಯವರ ಮೂಲ ಪಟ್ಟಿಯಲ್ಲಿ ಮೊದಲಿನಿಂದ ಇದ್ದವು. ಒಂದೇ ಹೆಸರನ್ನು ಎರಡು ಸಲ ಬರೆದಿದ್ದಾರೆಂದು ತಪ್ಪು ತಿಳಿದು ನಾನು ಅವನ್ನು ಅಳಿಸಿದೆ. ತಪ್ಪು ಮಾಸ್ತರರದಲ್ಲ, ಅವರ ಜನರದಲ್ಲ, ನನ್ನದು. ಕೆಳಗೆ ಸಹಿ, ಪೂರ್ತಿ ಹೆಸರು. ಅದರ ಹಿಂದೆ ನಲವತ್ತೊಂದು ಸಾಲು, ಷರಾ ಸಮೇತ.

ಕಿರಣಕುಮಾರ ಫ್ಯಾಕ್ಸ್ ಮಷೀನಿನ ಮುಂದೆ ನಿಂತಿದ್ದ. ಅವಳು ಹತ್ತಿರ ಬಂದಾಗ ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಸರಿದ. ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ.

ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಅರ್ಧಕ್ಕೆ ಕಡಿಯಿತು. ಗಂಟೆ ಒಂಬತ್ತೂ ನಲವತ್ತೆಂಟು. ಕಟ್ರೀನಾ ಗೋಡೆಗೆ ಹಣೆ ಒತ್ತಿಕೊಂಡು ತನ್ನ ಭಾಷೆಯಲ್ಲಿ ಏನೋ ಪ್ರಾರ್ಥಿಸುತ್ತಿದ್ದಳು. ಮೂರನೆಯ ಸಲ ಹಾಳೆಗಳು ಒಂದೊಂದಾಗಿ ಒಳಗೆ ಹೋದವು. ಎಲ್ಲವೂ ಹೋಗಿ ಮುಗಿಯಲು ಆರು ನಿಮಿಷ ಬೇಕಾಯಿತು. ಆ ಆರು ನಿಮಿಷ ಯಾರೂ ಕೂರಲಿಲ್ಲ.

"ಬಂತು," ಎಂದರು ಪಾದ್ರಿ ಸ್ಪೀಕರಿನಲ್ಲಿ. "ಓದ್ತಾ ಇದ್ದಾನೆ... ಎರಡು ಸಲ ಓದಿದ... ತಡಿ." ಗುಡುಗುಡು ಇನ್ನೂ ಇತ್ತು. ಇತ್ತು, ಇತ್ತು. ಆಮೇಲೆ ನಿಂತಿತು.

ಕಟ್ರೀನಾ ನೆಲದ ಮೇಲೆ ಕುಸಿದು ಕೂತು ಗಳಗಳನೆ ಅತ್ತಳು. ನೀಲವ್ವ ಅವಳ ಪಕ್ಕ ಕೂತಳು, ಆದರೆ ಮುಟ್ಟುವ ಧೈರ್ಯ ಬರಲಿಲ್ಲ. ಮೂವತ್ನಾಲ್ಕು ಉಳಿದವು. ಏಳು ಹೋದವು, ಅವು ರಸ್ತೆಯ ಕೆಳಗೆ ಹೋದವು. ಸಣ್ಣ ಹೆಂಡ್ರಿಕ್ ಹೋದ, ಎರಡನೆಯ ಹೆಂಡ್ರಿಕನೂ ಹೋದ. ಯಾವ ಬ್ಯಾಕಪ್ಪಿನಿಂದಲೂ ಅವರು ಮರಳಿ ಬರುವ ಹಾಗಿರಲಿಲ್ಲ.

ಸ್ಪೀಕರಿನಲ್ಲಿ ಒಂದು ಮುದಿ ಧ್ವನಿ ಕೇಳಿಸಿತು, ಕರ್ಕಶವಾಗಿ, ಅವಸರವಿಲ್ಲದೆ. ಕಟ್ರೀನಾ ತಟ್ಟನೆ ಕಣ್ಣೊರೆಸಿಕೊಂಡಳು. "ಅಮ್ಮ. ಅಳಿಸಿದವಳ ಹತ್ತಿರ ಮಾತಾಡಬೇಕಂತೆ."

"ನಾನೇ ಅಮ್ಮಾ," ಎಂದಳು ನೀಲವ್ವ. ಮುದುಕಿ ಬೈಯಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು. ಬೈದು ಶಾಪ ಹಾಕಿದರೆ ಎಷ್ಟೋ ಹಗುರ.

ಮುದುಕಿ ಬೈಯಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಕಟ್ರೀನಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. "ನಿನ್ನ ಹೆಸರೇನು, ಅದು ಯಾರ ಹೆಸರು ಅಂತ ಕೇಳ್ತಿದ್ದಾಳೆ. ನಮ್ಮಲ್ಲಿ ಹೊಸಬರನ್ನು ಹಾಗೇ ಕೇಳೋದು."

"ನೀಲವ್ವ. ನನ್ನ ಅಜ್ಜಿಯ ಹೆಸರು. ಅಪ್ಪನ ತಾಯಿ."

ಆ ಕಡೆಯಿಂದ ಮತ್ತೊಂದು ಪ್ರಶ್ನೆ. "ಅಜ್ಜಿಯಾದ ಮೇಲೆ ನೀನೇ ಮೊದಲನೆಯವಳಾ?"

ನೀಲವ್ವ ಹೌದು ಎನ್ನಲು ಬಾಯಿ ತೆರೆದಳು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಪ್ರತಿ ವರ್ಷ ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ಅವ್ವ ಹೊಲಕ್ಕೆ ಎರಡು ಎಡೆ ಒಯ್ಯುತ್ತಿದ್ದಳು. ಒಂದು ಅಜ್ಜಿಗೆ. ಇನ್ನೊಂದು ಸಣ್ಣ ಎಡೆ, ಅಂಗೈಯಷ್ಟು ಎಲೆಯಲ್ಲಿ. ಅದು ಸಣ್ಣ ನೀಲವ್ವಂದು, ಅನ್ನುತ್ತಿದ್ದಳು ಅವ್ವ. ನಿನಗಿಂತ ಮೊದಲಿದ್ದಾಕಿ, ಹಲ್ಲು ಬರೂ ಹೊತ್ತಿಗೆ ಹೋತು ಕೂಸು, ಅಜ್ಜಿ ಹೆಸರು ಮನ್ಯಾಗ ಇರಲಿ ಅಂತ ನಿನಗೂ ಅದನ್ನs ಇಟ್ಟಿವಿ. ನೂರು ಸಲ ಕೇಳಿದ ಮಾತು. ಕೇಳಿ ಕೇಳಿ ಕಿವಿಗೆ ಬೀಳುವುದೇ ನಿಂತುಹೋಗಿದ್ದ ಮಾತು. ಒಂದೇ ಹೆಸರು, ಒಂದೇ ಮನೆತನ, ಒಂದೇ ಹೊಲ.

"ಅಲ್ಲ," ಎಂದಳು. "ನಡುವೆ ನನ್ನ ಅಕ್ಕ ಇದ್ದಳು. ಕೂಸು ಇದ್ದಾಗಲೇ ಹೋದಳು. ಅವಳೂ ನೀಲವ್ವ."

ಕಟ್ರೀನಾ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ತಾಯಿಗೆ ಹೇಳಿದಳು.

"ಹಾಗಾದರೆ ನಿನಗೆ ಗೊತ್ತಿತ್ತು, ಅಂತಿದ್ದಾಳೆ."

"ಗೊತ್ತಿತ್ತು, ಅಮ್ಮಾ."

"ನಿನ್ನ ಅಕ್ಕ ಎಲ್ಲಿ ಮಲಗಿದ್ದಾಳೆ, ಅಂತ ಕೇಳ್ತಾಳೆ."

ಹೊಲದಲ್ಲಿ, ಎಂದಳು ನೀಲವ್ವ. ಹೊಲದಲ್ಲಿ ಎಲ್ಲಿ? ಅಜ್ಜಿಯದಕ್ಕೆ ಕಟ್ಟೆ ಕಟ್ಟಿಸಿದ್ದರು, ಅದು ದೂರದಿಂದಲೇ ಕಾಣುತ್ತಿತ್ತು. ಸಣ್ಣ ಎಡೆಯನ್ನು ಅವ್ವ ಯಾವ ಕಡೆ ಒಯ್ಯುತ್ತಿದ್ದಳು? ಬೇವಿನ ಮರದ ಕಡೆಗೋ, ಬಾವಿಯ ಕಡೆಗೋ? ನೀಲವ್ವ ಯಾವಾಗಲೂ ಚಕ್ಕಡಿಯಲ್ಲೇ ಕೂತಿರುತ್ತಿದ್ದಳು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು.

"ಗೊತ್ತಿಲ್ಲ," ಎಂದಳು.

"ತೋರಿಸುವವರು ಇದ್ದಾಗಲೇ ಹೋಗಿ ಕೇಳು, ಅಂತಿದ್ದಾಳೆ. ಕೇಳಿ ಬರೆದಿಟ್ಟುಕೋ."

ನೀಲವ್ವ ಫೋನಿನ ಮೇಲೆ ಬಗ್ಗಿದಳು. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು, ಅವ್ವ ಹೋಗಿ ಮೂರು. ಆ ಜಾಗ ಅವ್ವನೊಬ್ಬಳಿಗೇ ಗೊತ್ತಿತ್ತು, ಮತ್ತು ನೀಲವ್ವ ಒಂದು ದಿನವೂ ಅವಳನ್ನು ಕೇಳಿರಲಿಲ್ಲ.